ಮೊಳೆ

ಎಬ್ರೊ ನದಿ ಕಡಲಿಗೆ ಕೈಚಾಚಿ ಮಲಗುವ ಕಡೆ
ನಮ್ಮ ಬಾಲ್ದಿರಿ ಮಾವ ಬೋಂಬಾ ಭತ್ತ ಬೆಳೆಯುತ್ತಾನೆ,
ಬೆಳೆಯುತ್ತ ಬೈಯುತ್ತಾನೆ:
ಗಿಡ್ಡ ಕಾಳು, ಉದ್ದ ಕಾಲು,
ರೋಗ ಬಂದರೆ ಮೊದಲು ಬಡಿಯುವುದು ಇದರ ಬಾಗಿಲು.

ಆಗಸ್ಟಿನ ಇಬ್ಬನಿ ಇನ್ನೂ ಆರಿರಲಿಲ್ಲ.
ಎಲೆಯ ಮೇಲೊಂದು ಕಣ್ಣು ತೆರೆದಿತ್ತು,
ನಡುವೆ ಬೂದಿ, ಅಂಚಿಗೆ ಕಂದು.
"ಬಂತು" ಅಂದ. ಅಷ್ಟೆ.
ಬೆಂಕಿರೋಗಕ್ಕೆ ಹೊಗೆಯಿಲ್ಲ.
ಆ ವರ್ಷ ತೆನೆಗಳು ಕತ್ತು ಮುರಿದುಕೊಂಡು
ಜೊಳ್ಳಾಗಿ ತೂಗಿದವು,
ಯಾರದೋ ಮಣ್ಣಿಗೆ ಬಂದವರ ತಲೆಗಳಂತೆ.

ನನ್ನದು ಬಾರ್ಸಿಲೋನಾದ ಗಾಜಿನ ಮನೆಯಲ್ಲಿ ಕೂಲಿ.
ಒಂದು ತಟ್ಟೆಯ ಸಸಿಗೆ ವಾಡಿಕೆಯ ಊಟ,
ಇನ್ನೊಂದಕ್ಕೆ ಚಿಟಿಕೆ ಕಬ್ಬಿಣ ಹೆಚ್ಚು.
ಆಮೇಲೆ ಎರಡರ ಮೇಲೂ, ಈ ಕೈಯಾರೆ,
ಅದೇ ರೋಗದ ಬೂಷ್ಟನ್ನು ಸಿಂಪಡಿಸುತ್ತೇನೆ.
ಮಾವನಿಗೆ ಇದನ್ನಿನ್ನೂ ಹೇಳಿಲ್ಲ.

ವಾರದೊಳಗೆ ಮೊದಲನೆಯ ತಟ್ಟೆ ಸುಟ್ಟಿತ್ತು.
ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ,
ಹಚ್ಚಲು ಹೋಗಿ ಆರಿದ ಕಡ್ಡಿಯ ಗುರುತು.

ಎಲೆಯ ಹಸಿರು ತೊಳೆದು ಬಣ್ಣದ ನೀರಿಗಿಟ್ಟೆ.
ಕಬ್ಬಿಣವಿದ್ದಲ್ಲಿ ನೀಲಿ ಏಳುತ್ತದೆ.
ಮಸೂರದಡಿ ನೋಡಿದರೆ
ಶತ್ರು ಉಳಿಯಿಟ್ಟ ಜಾಗಕ್ಕೇ,
ಸರಿಯಾಗಿ ಆ ಜಾಗಕ್ಕೇ,
ಬೇರಿನಿಂದ ಹತ್ತಿ ಬಂದ ಕಬ್ಬಿಣ ಒಟ್ಟುಗೂಡಿ
ನೀಲಿ.
ಒಂದು ಜೀವಕೋಶ ತನ್ನೊಳಗೇ ತುಕ್ಕು ಹಿಡಿದು ಸತ್ತು
ಹೊಸ್ತಿಲಿಗೆ ಅಡ್ಡ ಮಲಗಿತ್ತು,
ದಾಟಿ ಹೋಗುವವರು ಹೋಗಲಿ ನೋಡೋಣ ಎಂಬಂತೆ.

ರೆಮೇಯ್ ಅಜ್ಜಿ ನೆನಪಾದಳು.
ಹಳೆ ದೋಣಿಯ ಹಲಗೆಯಿಂದ ತುಕ್ಕುಮೊಳೆ ಕಿತ್ತು
ಹೈಡ್ರೇಂಜಿಯ ಕುಂಡದಲ್ಲಿ ಹೂಳುವಳು, ಹೂವು ನೀಲಿಯಾಗಲೆಂದು.
ಮೊಳೆ ಎಲ್ಲಾದರೂ ಮೊಳೆಯುವುದುಂಟೆ?
ಅದು ಕಬ್ಬಿಣದ ಕೆಲಸವೇ ಅಲ್ಲವೆಂದು ಓದಿ ಬಂದು ತಿದ್ದಿದೆ.
ಹೂವು ಅಷ್ಟರಲ್ಲಿ ನೀಲಿಯಾಗಿತ್ತು.

"ಹಾಗಾದರೆ ಗದ್ದೆಗೆ ಎಷ್ಟು ಸುರಿಯಲಿ?"
ಮಾವ ಕೇಳಿದ್ದು ಇದೊಂದೇ. ಇದೇ ಕಬ್ಬಿಣದ ಕಡಲೆ.
ಮಣ್ಣಲ್ಲಿ ಅದಕ್ಕೇನು ಬರವಿಲ್ಲ ಮಾವ,
ನೀರು ನಿಂತರೆ ಕರಗುತ್ತದೆ,
ಆರಿದರೆ ಬೀಗ ಹಾಕಿಕೊಳ್ಳುತ್ತದೆ.
ಕಮ್ಮಿಯಾದರೆ ಎಲೆ ಹಳದಿ, ಹೆಚ್ಚಾದರೆ ಕಂಚು.
ಮೇಲಾಗಿ ಆ ಬೂಷ್ಟಿಗೂ ಅದೇ ಹಸಿವು,
ಒಂದೇ ತಟ್ಟೆಗೆ ಎರಡು ಕೈ.
ಯಾರ ಕೈ ಮೊದಲು, ಯಾವ ಹೊತ್ತಿಗೆ,
ಇನ್ನೆಷ್ಟು ತಟ್ಟೆ, ಇನ್ನೆಷ್ಟು ಬೇಸಗೆ...

"ಗೊತ್ತಿಲ್ಲ ಅನ್ನು."
ಗೊತ್ತಿಲ್ಲ ಅಂದೆ.

ತೂಬು ಎತ್ತಲು ಹೋದ.
ಹಳೆಯ ತಿರುಪು, ತಿರುಗಿಸಿ ತಿರುಗಿಸಿ ಅಂಗೈ ಕೆಂಪು ತುಕ್ಕು.
ಅದನ್ನು ಗದ್ದೆಯ ನೀರಲ್ಲೇ ತೊಳೆದ.
ಮತ್ತೆ ತಿರುಪು ಹಿಡಿದು, ಮತ್ತೆ ತೊಳೆದ,
ನನ್ನ ಕಡೆ ನೋಡುತ್ತ,
ಬೇಕೆಂದೇ.