ಗಂಟೆ ಎಷ್ಟು?

ಹಾರ್ಡ್ ಡಿಸ್ಕ್ ಸತ್ತು ಎರಡು ಚಳಿಗಾಲ.
ಮೊಖೊಟ್ಲಾಂಗಿನಾಚೆಯ ಈ ಕ್ಲಿನಿಕ್ಕಿಗೆ
ಹೊಸದನ್ನು ಕುದುರೆಯೇ ತರಬೇಕು,
ಕುದುರೆಗೆ ಮೊದಲು ಔಷಧಿಯ ಹೊರೆ.
ಅದಕ್ಕೇ ನಮ್ಮ ಕಂಪ್ಯೂಟರಿಗೀಗ
ಹೆಬ್ಬೆರಳುದ್ದದ ಜೀವ:
ಉಣ್ಣೆದಾರ ಕಟ್ಟಿದ ಪೆನ್‌ಡ್ರೈವ್,
ರಾತ್ರಿ ನನ್ನ ಕಂಬಳಿಯಲ್ಲೇ ಮಲಗುತ್ತದೆ.

ಬೆಳಿಗ್ಗೆ ಚುಚ್ಚಿದರೆ
ಕಪ್ಪು ಪರದೆಯಲ್ಲಿ ಬಿಳಿ ಸಾಲು ಸುರಿದು ಮುಗಿಯುವಷ್ಟರಲ್ಲಿ
ಚಹಾ ಕುದ್ದಿರುತ್ತದೆ.
ಪುಟ್ಟ ಲಿನಕ್ಸು, ಸೋಲಾರಿನ ಪುಡಿಗಾಸಿನಲ್ಲೇ ಸಂಸಾರ ತೂಗಿಸುವಂಥದು,
ಇಡೀ ಮನೆಯನ್ನು ರ್‍ಯಾಮಿಗೆ ಹೊತ್ತು ತಂದು
ಏಳುತ್ತಲೇ ಕೇಳುತ್ತದೆ:
ಯಾವ ಕೀಬೋರ್ಡು? ಯಾವ ದೇಶ?
ನಿನ್ನೆ ಹೇಳಿದ್ದೆನಲ್ಲೋ ಮಾರಾಯ!
ನಿನ್ನೆ ಎಂಬುದೇ ಅದಕ್ಕಿಲ್ಲ.

ಒಳಗಿನ ಬಿಲ್ಲೆಬ್ಯಾಟರಿಯೂ ಖಾಲಿ;
ಪ್ರತಿ ಬೆಳಗೂ ಎರಡು ಸಾವಿರದ ಎರಡು, ಜನವರಿ ಒಂದು.
ಹಾಗಾಗಿಯೇ ಆ ಎಡವಟ್ಟು.
ಜೂನ್‌ನಲ್ಲಿ, ಹಿಮ ಬಾಗಿಲು ಮುಚ್ಚಿದ ದಿನ
ಹೆತ್ತ ಮಾಲಿಪುವೊಗೆ ಹತ್ತೊಂಬತ್ತು;
ನಾನು ಅಚ್ಚು ಹಾಕಿಕೊಟ್ಟ ಕಾರ್ಡಿನಲ್ಲಿ
ಮಗಳು ತಾಯಿಗಿಂತ ನಾಲ್ಕು ವರ್ಷ ದೊಡ್ಡವಳು.
ಅಜ್ಜಿ ಎರಡೆರಡು ಸಲ ಓದಿಸಿ ಕೇಳಿ
"ಹಾಗಾದರೆ ನಾಳೆಯಿಂದ ಇವಳೇ ಅಡುಗೆ ಮಾಡಲಿ" ಅಂದಳು.

ತ್ಸೆಲಿಸೊ ಬಂದ, ಉಣ್ಣೆ ಲಾರಿಗಳ ರೇಡಿಯೋ ರಿಪೇರಿಯವ.
ಬೆರಳಿಗೆ ಉಸಿರೂದಿಕೊಂಡು ನಾಲ್ಕೇ ಸಾಲು ಕುಟ್ಟಿ
ಸ್ಟಾರ್ಟಪ್ ಫೋಲ್ಡರಿನಲ್ಲಿಟ್ಟ. ಮರುದಿನ ಅದು ಕಮಕ್ ಕಿಮಕ್ ಎನ್ನಲಿಲ್ಲ.
"ಫೈಲು ಇದ್ದರೆ ಸಾಲದು ಸಿಸ್ಟರ್, ನಡೆಯಲು ಅಪ್ಪಣೆ ಬೇಕು."
ಕೊಟ್ಟ. ಸಂಜೆ ಮುಚ್ಚುವಾಗ ಉಳಿಸಲೇ ಎಂದು ಕೇಳಿತು,
ಹೊರಗೆ ಕುದುರೆ ಕೆನೆಯಿತೆಂದು
ಓಡುವ ಅವಸರದಲ್ಲಿ ನಾನೇ ಬೇಡ ಒತ್ತಿದೆ.
ಮೂರನೆಯ ದಿನ ಮತ್ತೆ ಮೊದಲಿನಿಂದ.
ಬೈಯಲಿಲ್ಲ, ಪಾಪ. ಮೂರು ಬಟ್ಟಲು ಗಂಜಿ ಕುಡಿದ.

ಈಗ ಕೀಬೋರ್ಡು ಕೇಳುವುದಿಲ್ಲ, ದೇಶ ಕೇಳುವುದಿಲ್ಲ.
ಉಳಿದದ್ದು ಒಂದೇ ಪ್ರಶ್ನೆ, ಅಪ್ಪಟ ಸೆಸೊಥೊದಲ್ಲಿ:
ಸಿಸ್ಟರ್, ಇವತ್ತು ಯಾವ ದಿನ? ಗಂಟೆ ಎಷ್ಟು?
ಹೇಳುವತನಕ ರಿಜಿಸ್ಟರು ತೆರೆಯದು.
ನನ್ನ ಕೈಗಡಿಯಾರ ಐದು ನಿಮಿಷ ಮುಂದು, ಕಳೆದು ಹೇಳುತ್ತೇನೆ.
ಕೆಲವೊಮ್ಮೆ ವಾರವೇ ಮರೆತು
ಬೆಂಚಿನ ಮೇಲೆ ಕೂತವರನ್ನು ಕೇಳುತ್ತೇನೆ.
ಗುರುವಾರ ಎನ್ನುತ್ತಾರೆ ಇಬ್ಬರು, ಶುಕ್ರವಾರ ಒಬ್ಬ,
ಕೆಮ್ಮಿನವನಿಗೆ ಯಾವುದಾದರೂ ಸರಿ.
ಅಷ್ಟೂ ಹೊತ್ತು ಕರ್ಸರು ಮಿಣುಕುತ್ತ ಕಾಯುತ್ತದೆ.

ಮೊನ್ನೆ ಚುಚ್ಚುಮದ್ದಿಗೆ ಬಂದಾಗ ತಿದ್ದಿದ ಕಾರ್ಡು ಕೊಟ್ಟೆ.
ಅಜ್ಜಿ ಹಳೆಯದನ್ನು ವಾಪಸು ಕೊಡಲೊಲ್ಲಳು.
"ಸೊಸೆ ಮನೆ ತುಂಬಿದ ದಿನವೇ
ಲಿಪುವೊಳ ತಾಯಿ ಎಂದು ಹೆಸರಿಟ್ಟವಳು ನಾನು.
ಆಗ ಲಿಪುವೊ ಎಲ್ಲಿದ್ದಳು?
ನಿನ್ನ ಯಂತ್ರ ಪೂರ್ತಿ ಸುಳ್ಳೇನೂ ಹೇಳಿಲ್ಲ."
ಎರಡೂ ಕಾರ್ಡು ಕಂಬಳಿಯೊಳಗೆ ಸೆಕ್ಕಿಕೊಂಡು
ಮಗುವನ್ನು ಬೆನ್ನಿಗೆ ಬಿಗಿದಳು.