ಗಾಳಿ ಕೇರಿದ ಬೆಟ್ಟ

ಆರೂವರೆಗೆ ವರದಿ ಬರೆಯಬೇಕು ನಾನು:
ಎಷ್ಟು ಬಿದ್ದಿದೆ, ಎಲ್ಲಿ ನಿಂತಿದೆ, ಜಾರಬಹುದೇ ಇಲ್ಲವೇ.
ಬ್ರೇಮಾರಿನ ಬೇಕರಿಯ ದೀಪ ಬಿಟ್ಟರೆ
ಊರಲ್ಲಿ ಎಚ್ಚರವಿದ್ದದ್ದು ಗಾಳಿ ಒಂದೇ.
ಕಣಿವೆ ದಾರಿಯ ಗೇಟು ತೆಗೆದವನು
ಕೈ ಬೀಸಲಿಲ್ಲ, ಟೋಪಿ ಹಿಡಿದುಕೊಂಡಿದ್ದ.

ರಾತ್ರಿಯಿಡೀ ಸುರಿದದ್ದು ಒಂದು ಮೊಳ.
ಬಿದ್ದಲ್ಲೇ ಬಿದ್ದಿದ್ದರೆ ನನ್ನ ಕೆಲಸ ಸಲೀಸು.
ಪಡುವಣದಿಂದ ಬಂದದ್ದು
ಮೊರ ಹಿಡಿದು ಕೂತಿದೆ ನೆತ್ತಿಯ ಮೇಲೆ,
ಕೇರಿ, ಒನೆದು, ತೂರಿ,
ಹೊಟ್ಟಷ್ಟೇ ಅಲ್ಲ, ಕಾಳನ್ನೂ ಆಚೆಗೆಸೆದು
ಈಚೆ ಬದಿಗೆ ಉಳಿಸಿದ್ದು
ಕಲ್ಲು, ಹೀದರ್ ಪೊದೆಯ ಕರಕಲು ಕಡ್ಡಿ,
ಹೋದ ವಾರದ ಮಂಜುಗಡ್ಡೆಯ ಬೆನ್ನುಮೂಳೆ.

ಹಿಮಕ್ಕೆ ನನ್ನ ಮಾತಲ್ಲಿ ಹೆಸರು ಕಡಿಮೆ.
ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಹುಡುಕುತ್ತೇನೆ.
ಗಾಳಿಗೆ ಮೊದಲು ಬಿದ್ದದ್ದು ಅಕ್ಕಿಹಿಟ್ಟು, ಉಫ್ ಅಂದರೆ ಇಲ್ಲ.
ಎರಡು ಗಂಟೆಗೆ ಉದುರಿದ್ದು ಸಾಬಕ್ಕಿ,
ದುಂಡಗೆ, ಬೂಟಿನಡಿ ಉರುಳುವಂಥದ್ದು.
ಆಮೇಲಿನದು ಏಣಿನ ಮೇಲೆ ಓಡಿ ಓಡಿ
ಕೈಕಾಲು ಮುರಿದುಕೊಂಡ ಚಿರೋಟಿ ರವೆ.
ಅದು ಒತ್ತಿ ಕೂತು ಗಟ್ಟಿಯಾದರೆ?
ಹಲಗೆ, ಅನ್ನುತ್ತಾಳೆ ಇಷ್ಬೆಲ್ ಅವಳ ಮಾತಲ್ಲಿ.
ನನಗೆ ಕಂಡದ್ದು ತಟ್ಟೆಗೆ ಸುರಿದು ಆರಲು ಬಿಟ್ಟ ಬರ್ಫಿ.
ಅಂಚು ಬಿಟ್ಟಿದೆ. ಗೆರೆ ಕೊಯ್ದಿಲ್ಲ ಇನ್ನೂ.

ಬೇಲಿಯೆದ್ದು ಹೊಲ ಮೇಯ್ದದ್ದು ಕೇಳಿದ್ದೆ,
ಇಲ್ಲಿ ಬೇಲಿಯೇ ಹೊಲ ಬೆಳೆಯುತ್ತದೆ.
ಬೆಟ್ಟದುದ್ದಕ್ಕೂ ಹಳೇ ಹಲಗೆಗಳ ಸಾಲು, ಕಂಡಿಯಲ್ಲಿ ಸಿಳ್ಳೆ;
ಓಡುವ ರವೆಯನ್ನು ಒಂದು ಉಸಿರು ನಿಲ್ಲಿಸಿ
ಕಾಲಬುಡಕ್ಕೆ ಇಳಿಸಿಕೊಳ್ಳುತ್ತದೆ.
ಅದನ್ನೇ ರೂರಿ ಯಂತ್ರದಲ್ಲಿ ಕೂತು ತಳ್ಳಿ, ತೀಡಿ, ಬಾಚಿ
ಒಂದೇ ಒಂದು ಬಿಳಿ ಪಟ್ಟಿ ಎಳೆದಿದ್ದಾನೆ
ನೆತ್ತಿಯಿಂದ ಕೆಫೆಯ ಬಾಗಿಲ ತನಕ,
ಬೈತಲೆ ತೆಗೆದ ಹಾಗೆ.

ಯಾರಿಗೆ ಬೇಕು ಬೈತಲೆ!
ಎಲ್ಲರ ಕಣ್ಣು ಮೂಡಣ ಕೊರಕಲಿನ ಮೇಲೆ.
ಗಾಳಿ ಕದ್ದ ಮಾಲೆಲ್ಲ ಬಚ್ಚಿಟ್ಟದ್ದು ಅಲ್ಲಿ,
ಸುಕ್ಕಿಲ್ಲ, ಹೆಜ್ಜೆಯಿಲ್ಲ, ಹೊಸ ದಿಂಬಿನ ಉಬ್ಬು.
ಡಂಡಿಯಿಂದ ನಸುಕಿಗೇ ಹೊರಟು ಬಂದ ಹುಡುಗರು
ಹಗ್ಗದಾಚೆ ಕತ್ತು ಚಾಚಿ ನಿಂತಿದ್ದಾರೆ.
ಗಾಳಿ ಬಂದಾಗ ತೂರಿಕೋ ಅಂದವರು
ಈ ಗಾಳಿಯನ್ನು ಕಂಡವರಲ್ಲ.

ಇಷ್ಬೆಲ್ ಎದೆಮಟ್ಟ ಗುಂಡಿ ತೋಡಿದಳು.
ಹಿಮವನ್ನು ಕಂಬದಂತೆ ಕಡಿದು ಮೇಲೆ ಸಲಿಕೆಯಿಟ್ಟು
ಬಡಿದಳು, ಮಣಿಕಟ್ಟಿನಿಂದ ಹತ್ತು.
ಏನಿಲ್ಲ.
ಮೊಣಕೈಯಿಂದ ಒಂದು, ಎರಡು, ಮೂರು,
ನಾಲ್ಕಕ್ಕೆ
ಡ್ರಾಯರ್ ಎಳೆದಷ್ಟು ನಯವಾಗಿ
ಮೇಲಿನದಿಷ್ಟೂ ನಮ್ಮ ಕಡೆಗೆ ಬಂತು.

ನಡುವೆ ಸಾಬಕ್ಕಿ. ಬೆರಳಗಲ.
ಕೈಗವಸು ಬಿಚ್ಚಿ ಒಂದು ಕಾಳು ಅಂಗೈಗಿಟ್ಟುಕೊಂಡಳು.
ಕರಗುವ ತನಕ ನೋಡಿದೆವು ಇಬ್ಬರೂ.
"ಇಷ್ಟೇ ನೋಡು" ಅಂದಳು,
ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡಳು.

"ನಾಳೆ?" ಕೇಳಿದ ಹುಡುಗರಲ್ಲೊಬ್ಬ,
ಕಿವಿಯ ತುದಿ ಕೆಂಪಗಾದವನು.
ನಾಳೆ ಗಾಳಿ ತೆಂಕಣಕ್ಕೆ ತಿರುಗಿದರೆ
ಕೊರಕಲು ಖಾಲಿ, ಇನ್ನೊಂದು ಬದಿ ಭರ್ತಿ,
ಮಳೆ ಸೇರಿದರೆ ಎಲ್ಲವೂ ಕೆಳಗಿನ ಹೊಳೆಗೆ.
ಇದನ್ನೆಲ್ಲ ಹೇಳಲಿಲ್ಲ. ಬಿಸಿ ಸೂಪಿನ ಕೂಪನ್ ಕೊಟ್ಟೆ.

ಹತ್ತಕ್ಕೆ ಮತ್ತೆ ಬರೆದೆ ವರದಿ:
ಪಟ್ಟಿ ತೆರೆದಿದೆ. ಮೇಲಿನ ಲಿಫ್ಟ್ ಗಾಳಿಗೆ ನಿಂತಿದೆ.
ಕೊರಕಲು ಮುಚ್ಚಿದೆ, ಚೆಲುವಾಗಿದೆ.
ಕೊನೆಯ ಪದ ಹೊಡೆದು ಹಾಕಿದೆ.

ತಲೆಯೆತ್ತುವಷ್ಟರಲ್ಲಿ ಗುಂಡಿಯೇ ಕಾಣದು.
ತುಂಬಿ, ಮೇಲೆ ಕೈಯಾಡಿಸಿ, ನಯಮಾಡಿ
ನಾವು ಬಂದೇ ಇರಲಿಲ್ಲವೆಂಬಂತೆ ಬಿಟ್ಟಿತ್ತು ಗಾಳಿ.
ಹಗ್ಗದಡಿ ನುಸುಳಿದ ಬಿಳಿ ಮೊಲವೊಂದು
ಅದರ ಮೇಲೇ ಹಾದುಹೋಯಿತು,
ಗೆರೆ ಕೊಯ್ಯುವಷ್ಟು ಭಾರವಿಲ್ಲದೆ.