ಒಂದು ಸೊಳ್ಳೆ ಕಡಿಮೆ

ನೋಡು ಪ್ರಾಜಕ್ತಾ, ಎಲ್ಲಕ್ಕೂ ಎರಡು ಉಂಗುರ,
ಎರಡು ಕಾಲು, ನಡುವೆ ಒಂದು ಕೀಲು.
ದೂರದಿಂದ ಎಲ್ಲವೂ ಅಕ್ಕತಂಗಿಯರೇ.
ಬಾಯಿ ನೋಡಬೇಕು. ತೆರೆಸಿ ನೋಡಬೇಕು,
ಹುಮನಾಬಾದಿನ ಸಂತೆಯಲ್ಲಿ ನಮ್ಮಪ್ಪ
ಎತ್ತಿನ ಹಲ್ಲು ಎಣಿಸುತ್ತಿದ್ದ ಹಾಗೆ.

ಇದು ಆಲಿಸ್. ತುದಿಯಲ್ಲಿ ಹಾಲುಹಲ್ಲಿನ ಸಾಲು.
ಹಿಡಿದರೆ ಜಾರದು, ಗುರುತು ಬಿಡದೆ ಬಿಡದು.
ಗಟ್ಟಿ ಪೊರೆಗೆ ಕೊಡು, ಕರುಳಿಗೆ ಕೊಡಬೇಡ.
ಕರುಳಿಗೆ ಬ್ಯಾಬ್‌ಕಾಕ್. ಕೆನ್ನೆಯಲ್ಲಿ ಕಿಟಕಿ,
ಬೊಚ್ಚುಬಾಯಿ; ಅಜ್ಜಿ ಆಟಕ್ಕೆ
ಮೊಮ್ಮಗನ ಬೆರಳು ಕಚ್ಚಿದ ಹಾಗೆ.

ಇವು ಹಿಡಿಯುವ ಜಾತಿ, ಅವು ಅದುಮುವ ಜಾತಿ.
(ಇಲ್ಲಿ ಜಾತಿ ಕೇಳುವುದು ಉಕ್ಕಿಗೆ ಮಾತ್ರ.)
ಹಿಡಿಯುವುದು ಹೇಳುತ್ತದೆ, ಇಲ್ಲೇ ಇರು.
ಅದುಮುವುದು ಹೇಳುತ್ತದೆ, ಇನ್ನು ಹರಿಯಬೇಡ.
ಆರ್ಟರಿ, ಅದರ ಮರಿ ಈ ಮಸ್ಕಿಟೋ,
ಸೊಳ್ಳೆಮೂತಿ, ರಕ್ತ ಕುಡಿಯದ ಸೊಳ್ಳೆ.
ಹಿಡಿಯ ಬಳಿ ಮೆಟ್ಟಿಲು: ಟಿಕ್, ಟಿಕ್, ಟಿಕ್.
ಡಾಕ್ಟರ್ ಪಾಠಾರೆ ಬೈದದ್ದು ಕೇಳಿಸಿಕೊಳ್ಳಬೇಡ,
ಟಿಕ್ಕು ಎಷ್ಟೆಂದು ಕೇಳಿಸಿಕೋ.

ಇಷ್ಟು ಹೇಳಿದ್ದು ಮಧ್ಯಾಹ್ನ.
ರಾತ್ರಿ ಹನ್ನೊಂದಕ್ಕೆ ಬಂದ,
ಕುರ್ಲಾ ಮಾರ್ಕೆಟ್ಟಿನಲ್ಲಿ ಈರುಳ್ಳಿ ಹೊರುವವನು.
ಹರ್ನಿಯಾದಲ್ಲಿ ಸಿಕ್ಕಿ ಕಪ್ಪಾದ ಕರುಳು,
ಒಂದು ಗೇಣು.
ಉಳಿಯುವ ಕಡೆಗೆ ಮೆತ್ತನೆಯ ಡೋಯೆನ್,
ಹೋಗುವ ಕಡೆಗೆ ಹಲ್ಲಿನ ಕೋಕರ್,
ನಡುವಿನ ಬೆರಳಗಲದಲ್ಲಿ ಚಾಕು.
ಹೋಗುವುದನ್ನು ಹೇಗೆ ಹಿಡಿದರೂ ನಡೆಯುತ್ತದೆ.
ಎರಡನ್ನೂ ಸರಿಯಾಗಿ ಕೊಟ್ಟೆ ನೀನು. ನಾನು ನೋಡಿದೆ.

ಮುಚ್ಚುವ ಮೊದಲು ಎಣಿಕೆ.
ಆರ್ಟರಿ ಹನ್ನೆರಡು, ಆಲಿಸ್ ಆರು,
ಬ್ಯಾಬ್‌ಕಾಕ್ ಎರಡು, ಮಸ್ಕಿಟೋ ಐದು.
ಆರಿರಬೇಕು.
ಮತ್ತೆ ಎಣಿಸಿದೆ. ಐದು.
ಮುಂಬಯಿಯಲ್ಲಿ ಒಂದು ಸೊಳ್ಳೆ ಕಡಿಮೆಯಾಯಿತೆಂದು
ಅತ್ತವಳು ನೀನೊಬ್ಬಳೇ ಇರಬೇಕು.
ಆಗ ಯಾರೂ ನಗಲಿಲ್ಲ. ಸೂಜಿ ನಿಂತಿತು.
ಪಾಠಾರೆ ಮತ್ತೆ ಒಳಗೆ ಕೈಯಿಟ್ಟು
ಕಣ್ಣು ಮುಚ್ಚಿ ತಡಕಿದರು.
ವಾರ್ಡ್‌ಬಾಯ್ ಬಕೀಟು ಬೋರಲು ಹಾಕಿದ.

ಸಿಕ್ಕಿತು, ಹಸಿರು ಬಟ್ಟೆಯ ಮಡಿಕೆಯೊಳಗೆ,
ಮೂರನೆಯ ಮೆಟ್ಟಿಲಿಗೆ ಬಿಗಿದುಕೊಂಡು,
ನೂಲನ್ನೇ ನಾಳವೆಂದು ನಂಬಿ
ಒಂದು ಗಂಟೆಯಿಂದ ಕಚ್ಚಿಕೊಂಡಿತ್ತು.
ಏನೂ ಹರಿಯಗೊಟ್ಟಿರಲಿಲ್ಲ, ಪಾಪ.

ಕೊನೆಯ ಲೋಕಲ್ ಹೋಗಿತ್ತು. ನನ್ನ ಖೋಲಿಗೇ ಬಂದೆ.
ಹಾಲು ಉಕ್ಕಿತು. ಇಕ್ಕಳದಲ್ಲಿ ಪಾತ್ರೆ ಇಳಿಸುವಾಗ
ಕಣ್ಣೊರೆಸಿಕೊಂಡು ಕೇಳಿದೆ,
ಸಿಸ್ಟರ್, ಇದು ಯಾವ ಜಾತಿ?

ಹಲ್ಲುಂಟು. ಮೆಟ್ಟಿಲಿಲ್ಲ.
ಬಿಗಿದಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ,
ಕೈ ಇರುವಷ್ಟು ಹೊತ್ತು ಅಷ್ಟೇ.
ಲೋಟ ಮುಂದೆ ಮಾಡು, ಬೇಗ,
ಸುಡುತ್ತಿದೆ.